ನಂದಿಯ ಎಡಗಣ್ಣು

ನಮ್ಮ ಮನೆಯ ದೊಡ್ಡ ಕೋಣೆಯಲ್ಲಿ ಮನುಷ್ಯರು ಮಲಗುತ್ತಿರಲಿಲ್ಲ. ಅದು ಮರದ ಕೋಣೆ. ಶಿರಸಿ ಪೇಟೆಯ ಹಿಂಬದಿಯ ಓಣಿಯಲ್ಲಿದ್ದ ಆ ಮನೆಯಲ್ಲಿ ಗಾಳಿ ಬೆಳಕು ಸರಿಯಾಗಿ ಬರುತ್ತಿದ್ದದ್ದು ಅದೊಂದೇ ಕೋಣೆಗೆ. ಬೀದಿ ಬಾಗಿಲು, ಎರಡು ಕಿಟಕಿ, ಹೆಂಚಿನ ನಡುವೆ ಗಾಜು ಕೂರಿಸಿದ ಬೆಳಕಿಂಡಿ ಎಲ್ಲವೂ ಅಲ್ಲೇ. ಅಪ್ಪ, ಆಯಿ, ಅಜ್ಜಿ ಮತ್ತು ನಾನು ಹಿಂದಿನ ಎರಡು ಕತ್ತಲೆ ಕೋಣೆಗಳಲ್ಲಿ ಹೊಂದಿಕೊಂಡಿದ್ದೆವು. ಅಪ್ಪ ದೇವಸ್ಥಾನಗಳ ಮೆರವಣಿಗೆಗೆ ವಾಹನ ಕೆತ್ತುವವನು. ಉತ್ಸವಮೂರ್ತಿಯನ್ನು ಕೂರಿಸಿ ಹೆಗಲ ಮೇಲೆ ಹೊತ್ತು ಊರು ಸುತ್ತಿಸುವ ಹಂಸ, ನವಿಲು, ಸಿಂಹ, ಕುದುರೆ, ನಂದಿ, ಹೀಗೆ ಯಾವುದಾದರೊಂದು ವರ್ಷದ ಬಹುಪಾಲು ಆ ಕೋಣೆಯಲ್ಲಿ ಸೊಂಟದೆತ್ತರದ ಎರಡು ಮರದ ಅಡ್ಡೆಗಳ ಮೇಲೆ ನಿಂತಿರುತ್ತಿತ್ತು. ನಾವು ಅದನ್ನು ಬಳಸಿಕೊಂಡು ಓಡಾಡುತ್ತಿದ್ದೆವು. ಮಧ್ಯಾಹ್ನ ಊಟಕ್ಕೆ ಕೂರುತ್ತಿದ್ದದ್ದೂ ಅದರ ಮಗ್ಗುಲಲ್ಲೇ. ಅನ್ನದಲ್ಲಿ ಕಲ್ಲು ಸಿಕ್ಕರೆ ಆಯಿಯ ತಪ್ಪು, ಮರದ ಚಕ್ಕೆ ಸಿಕ್ಕರೆ ಯಾರ ತಪ್ಪೂ ಅಲ್ಲ. ಒಂದು ಸಲ ಆಯಿ ಮೋಡದ ದಿನ ಒಣಗಲಿ ಎಂದು ಒದ್ದೆ ಸೀರೆಯನ್ನು ನವಿಲಿನ ಕುತ್ತಿಗೆಯ ಮೇಲೆ ಹರವಿದ್ದಳು. ಅಪ್ಪ ಬೈಯಲಿಲ್ಲ, ಬೈಯುವುದು ಅವನಿಗೆ ಬರುತ್ತಲೂ ಇರಲಿಲ್ಲ. ಮೂರು ದಿನ ಸುಮ್ಮನೆ ನವಿಲಿಗೆ ಬೆನ್ನು ಹಾಕಿ ಉಂಡ.

ಆ ಕೋಣೆಗೆ ಒಂದು ಕಟ್ಟುಪಾಡಿತ್ತು. ಕೆತ್ತನೆ ಮುಗಿದು ಹೊಸ್ತಿಲು ದಾಟುವವರೆಗೆ ಅಲ್ಲಿರುವುದರ ಹೆಸರು ಹೇಳುವಂತಿಲ್ಲ. ಅದು ಹಂಸವಲ್ಲ, ನಂದಿಯಲ್ಲ. ಅದು ಮರ. ಮರಕ್ಕೆ ಕೈ ಮುಗಿಯುವಂತಿಲ್ಲ, ಊದಿನಕಡ್ಡಿ ಹಚ್ಚುವಂತಿಲ್ಲ. ಮರದ ಮೇಲೆ ಬೇಕಾದರೆ ಅಂಗಿ ತೂಗುಹಾಕಬಹುದು, ಒದ್ದೆ ಸೀರೆಯೊಂದನ್ನು ಬಿಟ್ಟು. ಇಂಥ ಮನೆಯಲ್ಲಿ ಬೆಳೆದವಳಿಗೆ ದೇವರ ಬಗ್ಗೆ ಅನುಮಾನ ಹುಟ್ಟದಿದ್ದರೆ ಅವಳ ತಲೆಯಲ್ಲೇ ಏನೋ ದೋಷ ಎಂದು ನಾನು ಈಗಲೂ ವಾದಿಸಬಲ್ಲೆ. ಆಗಂತೂ ದಿನವೂ ವಾದಿಸುತ್ತಿದ್ದೆ.

"ಹೊಸ್ತಿಲ ಒಳಗೆ ಮರ, ಹೊರಗೆ ದೇವರ ವಾಹನ. ಸರಿ ಅಜ್ಜಿ, ಒಪ್ಪಿದೆ. ಹೊಸ್ತಿಲ ಮೇಲೇ ಇದ್ದಾಗ ಎಂತದು ಅದು?"

"ಹೊಸ್ತಿಲ ಮೇಲೆ ಯಾರೂ ನಿಲ್ಲೋದಿಲ್ಲ, ದರಿದ್ರ ಬರ್ತದೆ. ನೀನು ಅಲ್ಲೇ ನಿಂತು ಮಾತಾಡ್ತಾ ಇದ್ದೀಯೆ ವಕೀಲಮ್ಮ, ದಾಟು ಆಚೆ!"

ಅಜ್ಜಿ ನನ್ನನ್ನು ಕರೆಯುತ್ತಿದ್ದದ್ದೇ ವಕೀಲಮ್ಮ ಎಂದು. ನಮ್ಮ ಜಿಲ್ಲೆ ಮುಂಬಯಿಯ ಕೈಬಿಟ್ಟು ಮೈಸೂರಿಗೆ ಸೇರಿದ ಹೊಸತು ಅದು. ದೊಡ್ಡವರು ಚಹದ ಅಂಗಡಿಯಲ್ಲಿ ಮಾಡುತ್ತಿದ್ದ ವಾದವನ್ನೆಲ್ಲ ನಾವು ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆ ಎಂದು ಮಾಡುತ್ತಿದ್ದೆವು. ನಮ್ಮ ಮಾಸ್ತರರು ಎರಡು ಸೂತ್ರ ಕಲಿಸಿದ್ದರು. ಮೂರೇ ಅಂಶ ಹೇಳು, ನಾಲ್ಕನೆಯದು ಯಾರ ತಲೆಗೂ ಹೋಗುವುದಿಲ್ಲ. ಎದುರಾಳಿಯ ಒಳ್ಳೆಯ ಮಾತಿಗೆ ಉತ್ತರವಿಲ್ಲದಿದ್ದರೆ ಅದರ ಮೇಲೆ ಜನ ನಗುವಂತೆ ಮಾಡು. ಎರಡನ್ನೂ ಚೆನ್ನಾಗಿ ಕಲಿತು ಸಿದ್ದಾಪುರಕ್ಕೆ ಹೋಗಿ ಒಂದು ಹಿತ್ತಾಳೆ ಕಪ್ಪು ಗೆದ್ದು ತಂದೆ. ಆಯಿ ಅದರಲ್ಲಿ ಕಲ್ಲುಪ್ಪು ತುಂಬಿಟ್ಟಳು.

ಅಜ್ಜಿಯ ಬೆನ್ನು ನನಗೆ ತಿಳಿವಳಿಕೆ ಬರುವ ಮೊದಲೇ ಬಾಗಿಹೋಗಿತ್ತು. ಎದ್ದು ನಿಂತರೆ ಅವಳ ಮುಖ ನೆಲದ ಕಡೆಗೆ. ಎದುರಿಗಿದ್ದವರ ಮುಖ ಕಾಣಬೇಕೆಂದರೆ ನೆಲಕ್ಕೆ ಕೂತು, ಗೋಡೆಗೆ ಒರಗಿ, ಕತ್ತು ಎತ್ತಬೇಕು. ಮರದ ಕೋಣೆಯಲ್ಲಿ ಅಡ್ಡೆಗಳ ಮುಂದೆ, ಕಿಟಕಿಯ ಕೆಳಗೆ ಅವಳದೊಂದು ಜಾಗವಿತ್ತು. ಕೂತು ಕೂತು ಸಗಣಿ ಸಾರಿಸಿದ ನೆಲ ಅಷ್ಟು ಮಾತ್ರ ಕಲ್ಲಿನಂತೆ ಹೊಳೆಯುತ್ತಿತ್ತು. ಕೆತ್ತನೆ ಮುಖಕ್ಕೆ ಬಂದಾಗ ಅಪ್ಪ ದಿನಕ್ಕೆ ನಾಲ್ಕು ಸಲ ಉಳಿ ಕೆಳಗಿಟ್ಟು ಕೇಳುತ್ತಿದ್ದ:

"ಅಮ್ಮಾ, ಹೇಗೆ ಕಾಣ್ತದೆ?"

ಅಜ್ಜಿ ಕತ್ತೆತ್ತಿ ನೋಡಿ ಒಂದೇ ಮಾತು ಹೇಳುತ್ತಿದ್ದಳು: "ಬರ್ಲಿಲ್ಲ." ಎಂಟು ದಿನವೋ ಹದಿನೈದು ದಿನವೋ ಹೀಗೇ ನಡೆಯುತ್ತಿತ್ತು. ಕೊನೆಗೊಂದು ದಿನ "ಬಂದ" ಎನ್ನುತ್ತಿದ್ದಳು. ಅಲ್ಲಿಗೆ ಕೆತ್ತನೆ ಮುಗಿಯಿತು, ಅಪ್ಪ ಆ ಮುಖವನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಕಣ್ಣು ಮಂಜಾದ, ಉಳಿ ಹಿಡಿಯಲೂ ಬಾರದ ಮುದುಕಿಯ ಒಂದು ಮಾತಿಗೆ ಇಷ್ಟು ಬೆಲೆ ಯಾಕೆ? ತಾಯಿಯ ಮೇಲಿನ ಮಮತೆ ಎಂದು ನಾನು ತೀರ್ಮಾನಿಸಿದ್ದೆ. ಮಮತೆ ಒಳ್ಳೆಯದೇ, ಆದರೆ ಪ್ರಮಾಣವಲ್ಲ.

ಆ ವರ್ಷ ಕೋಣೆಯಲ್ಲಿದ್ದದ್ದು ನಂದಿ. ದಾಸನಕೊಪ್ಪದ ಆಚೆಯ ಒಂದು ಊರಿನವರು ಮಾಡಿಸಿದ್ದು. ಅವರ ದೇವರಿಗೆ ತೇರಿಲ್ಲ, ಹೆಗಲೇ ತೇರು. ಒಂದು ವರ್ಷ ನೆರಳಲ್ಲಿ ಒಣಗಿಸಿದ ಶಿವಣೆ ಮರದಲ್ಲಿ, ಕೊಂಬಿನ ಬುಡದಿಂದ ಗಂಗೆದೊಗಲಿನವರೆಗೆ ತಲೆಯಷ್ಟನ್ನೂ ಒಂದೇ ತುಂಡಿನಲ್ಲಿ ತೆಗೆದಿದ್ದ ಅಪ್ಪ. ಅಜ್ಜಿ "ಬಂದ" ಎಂದು ಹೇಳಿದ ಮಾರನೆಯ ದಿನವೇ ವಜ್ರಳ್ಳಿಯ ಮಗಳ ಮನೆಗೆ ಬಸ್ಸು ಹತ್ತಿದಳು. ಅವಳು ಅತ್ತ ಹೋದ ವಾರದಲ್ಲೇ, ಉತ್ಸವಕ್ಕೆ ಇನ್ನು ತಿಂಗಳಿದೆ ಎನ್ನುವಾಗ, ಆ ಊರಿನ ಬಸನಗೌಡರು ಇಬ್ಬರು ಹಿರಿಯರನ್ನು ಕರೆದುಕೊಂಡು ನೋಡಲು ಬಂದರು.

ಅವರು ನೋಡಿದ ರೀತಿಯೇ ಬೇರೆ. ಬೇರೆ ಊರಿನ ದೇವಸ್ಥಾನದ ಮೊಕ್ತೇಸರರು ದೂರ ನಿಂತು ತಲೆಯಾಡಿಸುತ್ತಿದ್ದರು. ಇವರು ಚಪ್ಪಲಿ ಬಿಟ್ಟವರೇ ನೇರ ಹೋಗಿ ಡುಬ್ಬದ ಮೇಲೆ ಕೈ ಇಟ್ಟರು. ದನದ ಸಂತೆಯಲ್ಲಿ ಎತ್ತು ಕೊಳ್ಳುವವರಂತೆ ಬೆನ್ನು ತಡವಿದರು, ಗೊರಸು ತಟ್ಟಿದರು, ಸುಳಿ ಎಲ್ಲಿದೆ ಎಂದು ಬಾಗಿ ಹುಡುಕಿದರು.

"ಹಲ್ಲ ಎಷ್ಟ ಅದಾವ್ರಿ ಮೇಸ್ತ್ರಿ?" ಎಂದ ಒಬ್ಬ ಹಿರಿಯ.

"ನೀ ಏನ್ ಇದನ್ನ ನೇಗಿಲಿಗೆ ಕಟ್ಟಾಂವೇನೋ?" ಎಂದರು ಬಸನಗೌಡರು, ಎಲ್ಲರೂ ನಕ್ಕರು. ಆಮೇಲೆ ಅವರು ನಂದಿಯ ಎದುರು, ಮುಖಕ್ಕೆ ಮುಖ ಕೊಟ್ಟು ನಿಂತರು. ನಗು ನಿಂತಿತು. ಸ್ವಲ್ಪ ಹೊತ್ತು ನೋಡಿ, ಬಾಗಿಲ ಬಳಿ ಪುಸ್ತಕ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದರು.

"ಮಾತಿನಾಗ ಕಪ್ಪು ಗೆದ್ದಾಕಿ ನೀನ ಅಲ್ಲೇನ್ ತಂಗಿ? ಹೇಳ ನೋಡೋಣು. ನಿನಗ ಹೆಂಗ ಕಾಣತೈತಿ?"

ಚೆನ್ನಾಗಿದೆ ಎಂದು ಹೇಳಿ ಒಳಗೆ ಹೋಗಬಹುದಿತ್ತು. ಆದರೆ ಪ್ರಶ್ನೆ ಕೇಳಿದರೆ ಸುಳ್ಳು ಹೇಳಬಾರದು ಎನ್ನುವುದು ಒಂದು, ಕೇಳುವ ಜನ ಎದುರಿಗಿದ್ದಾರೆ ಎನ್ನುವುದು ಇನ್ನೊಂದು. ಎರಡನೆಯದೇ ನಿಜವಾದ ಕಾರಣ. ನಾನು ಮೂರು ಅಂಶ ಹೇಳಿದೆ. ಹಣೆ ಕುಂಬಳಕಾಯಿಯಷ್ಟು ದೊಡ್ಡದು, ಯಾವ ಎತ್ತಿಗೂ ಇಂಥ ಹಣೆಯಿಲ್ಲ. ಕೊಂಬುಗಳು ಮುಂದಕ್ಕೆ ಬಿದ್ದಂತಿವೆ. ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣು. ಮೇಲಿನ ರೆಪ್ಪೆ ಮಾಡಿನ ಸೂರಿನ ಹಾಗೆ ಮುಂದೆ ಚಾಚಿದೆ, ಗುಡ್ಡೆ ಕೆಳಗಿಳಿದಿದೆ, ದೇವರನ್ನು ಹೊರುವ ನಂದಿ ತನ್ನ ಮೂಗನ್ನೇ ನೋಡಿಕೊಂಡು ತೂಕಡಿಸುತ್ತಿದೆ.

ಬಸನಗೌಡರು ನಿಧಾನವಾಗಿ ತಲೆಯಾಡಿಸಿದರು. "ಹುಡುಗಿ ಖರೇ ಹೇಳತಾಳ್ರಿ. ನಮ್ಮ ಕೊಟ್ಟಿಗ್ಯಾಗ ಎತ್ತು ಹಿಂಗ ಕಣ್ಣ ಇಳಿಬಿಟ್ಟು ನಿಂತ್ರ ಜಡ್ಡು ಬಂದೈತಿ ಅಂತೇವಿ. ಜಡ್ಡಿನ ಬಸವಣ್ಣನ ಮ್ಯಾಲ ದೇವ್ರನ್ನ ಹೆಂಗ ಕುಂಡ್ರಸೋಣ್ರಿ?"

ಅಪ್ಪನ ಮುಖ ಕೆಂಪಾಗಿತ್ತು. ಅವನು ಒಂದೇ ವಾಕ್ಯ ಹೇಳಿದ: "ಹೊತ್ತಾಗ ಸರಿಯಾಗ್ತದೆ ಗೌಡ್ರೇ."

ಆ ಒಂದು ವಾಕ್ಯದಲ್ಲಿ ಎಲ್ಲ ಉತ್ತರವೂ ಇತ್ತು. ಆದರೆ ನನ್ನ ನಾಲಗೆ ಮಾಸ್ತರರ ಎರಡನೆಯ ಸೂತ್ರಕ್ಕೆ ತಯಾರಾಗಿ ನಿಂತಿತ್ತು.

"ಹೊತ್ತರೆ ಜಡ್ಡು ವಾಸಿಯಾಗ್ತದಾ ಅಪ್ಪಾ?"

ಮೂವರೂ ಗೊಳ್ಳೆಂದು ನಕ್ಕರು. ಅಪ್ಪ ಕೈಯಲ್ಲಿದ್ದ ಉಳಿಯನ್ನು ಪಂಚೆಗೆ ಒರೆಸಿದ. ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ. ಎರಡೂ ಕಣ್ಣು ಸರಿಮಾಡಿ ಇಡಿ, ಬರುವ ಶುಕ್ರವಾರ ಬಂದು ನೋಡುತ್ತೇವೆ, ಮನಸ್ಸಿಗೆ ಬಂದರೆ ಒಯ್ಯುತ್ತೇವೆ ಎಂದು ಹೇಳಿ ಅವರು ಹೊರಟರು. ಮಧ್ಯಾಹ್ನ ಆಯಿ ನನ್ನ ಬಾಳೆಲೆಗೆ ಸಾರು ಬಡಿಸುತ್ತ, "ನಿನ್ನ ನಾಲಗೆಗೆ ಒಂದು ಕಪ್ಪು ಸಾಲಲಿಲ್ಲ, ಅಲ್ದನೇ?" ಎಂದಳು. ನನ್ನ ಮಾತು ತಪ್ಪು ಎಂದು ತೋರಿಸಿಕೊಡಿ ಎಂದು ನಾನು ಜೋರು ಮಾಡಿದೆ. ಯಾರೂ ತೋರಿಸಲಿಲ್ಲ. ಗೆದ್ದೆ ಎಂದುಕೊಂಡು ಮೊಸರು ಹಾಕಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಅಪ್ಪ ಒಂದು ಇದ್ದಿಲ ತುಂಡನ್ನು ನನ್ನ ಕೈಗಿಟ್ಟ.

"ಎಷ್ಟು ತೆಗೀಬೇಕು, ಗುರುತು ಹಾಕು."

ವ್ಯಂಗ್ಯವೇ ಎಂದು ಅವನ ಮುಖ ನೋಡಿದೆ. ಅಲ್ಲ. ಲೆಕ್ಕದ ಉತ್ತರ ಕೇಳುವ ವಿದ್ಯಾರ್ಥಿಯಂತೆ ನಿಂತಿದ್ದ. ಎಡಗಣ್ಣಿನ ರೆಪ್ಪೆಯ ಮೇಲೆ ಅಳುಕಿಲ್ಲದೆ ಗೆರೆ ಎಳೆದೆ. ಅಪ್ಪ ಗೆರೆಯ ಮೇಲೆ ಉಳಿ ಇಟ್ಟು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ. ಆಮೇಲೆ ಕೊಡತಿಯ ಒಂದು ಪೆಟ್ಟು. ಹೆಬ್ಬೆರಳ ಉಗುರಿನಷ್ಟು ಚಕ್ಕೆ ಹಾರಿ ನನ್ನ ಪಾದದ ಮೇಲೆ ಬಿತ್ತು. ಊಟದ ಹೊತ್ತಿಗೆ ಎಡಗಣ್ಣು ಮುಗಿದಿತ್ತು. ರೆಪ್ಪೆ ಹಿಂದೆ ಸರಿದಿತ್ತು, ಗುಡ್ಡೆ ದುಂಡಗಾಗಿ ನೇರ ನೋಡುತ್ತಿತ್ತು. ಎದುರಿಗೆ ನಿಂತು ನೋಡಿದೆ. ಪುಸ್ತಕದ ಚಿತ್ರದಲ್ಲಿರುವಂಥ ಎತ್ತಿನ ಕಣ್ಣು. ನೋಡಿದೆಯಾ, ಈಗ ಹುಷಾರಾಯಿತು ಎಂದೆ. ಅಪ್ಪ ಬಲಗಣ್ಣಿಗೆ ನಾಳೆ ಗುರುತು ಹಾಕು ಎಂದು ಹೇಳಿ ಕೈ ತೊಳೆಯಲು ಹೋದ.

ಸಂಜೆ ಅಜ್ಜಿ ಬಂದಳು. ಬಸ್ ಸ್ಟ್ಯಾಂಡಿನಿಂದ ಗಂಟು ಹೊತ್ತು ಬಂದ ಪಕ್ಕದ ಮನೆಯವನನ್ನು ಕಳಿಸಿ, ಕಾಲು ತೊಳೆದು, ಅಭ್ಯಾಸದಂತೆ ಮರದ ಕೋಣೆಗೆ ಹೋಗಿ ತನ್ನ ಜಾಗದಲ್ಲಿ ಕೂತು ಕತ್ತೆತ್ತಿದಳು. ಆಯಿ ಚಹ ಹಿಡಿದು ನಿಂತಿದ್ದಳು. ಅಜ್ಜಿ ಬಲಗಣ್ಣಿನ ಕಡೆ ವಾಲಿ ನೋಡಿದಳು, ಎಡಗಣ್ಣಿನ ಕಡೆ ವಾಲಿ ನೋಡಿದಳು, ಮತ್ತೆ ಎಡಗಣ್ಣು.

"ಹೋದ," ಎಂದಳು.

ಸತ್ತವರ ಸುದ್ದಿ ಹೇಳುವ ದನಿ ಅದು. ಅಪ್ಪ ಬಚ್ಚಲಿನಿಂದ ಒದ್ದೆ ಮೈಯಲ್ಲೇ ಬಂದು ನಿಂತ. ನಡೆದದ್ದನ್ನು ಆಯಿ ಎರಡು ಮಾತಲ್ಲಿ ಹೇಳಿದಳು. ಅಜ್ಜಿ ಬೈಯುತ್ತಾಳೆ ಎಂದು ನಾನು ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಗೋಡೆ ಹಿಡಿದು ಪಕ್ಕಕ್ಕೆ ಸರಿದು ತನ್ನ ಜಾಗವನ್ನು ಅಂಗೈಯಿಂದ ತಟ್ಟಿದಳು.

"ಬಾ ವಕೀಲಮ್ಮ. ಕೂತ್ಕ ಇಲ್ಲಿ. ಗೋಡೆಗೆ ಒರಗು. ಈಗ ನೋಡು ಮೇಲೆ. ಬಲಗಣ್ಣು ಮೊದಲು."

ಹದಿನಾಲ್ಕು ವರ್ಷ ಆ ಮನೆಯಲ್ಲಿದ್ದೆ. ಆ ಜಾಗದಲ್ಲಿ ಒಮ್ಮೆಯೂ ಕೂತಿರಲಿಲ್ಲ. ಕತ್ತೆತ್ತಿದೆ. ಕುಂಬಳಕಾಯಿಯಂಥ ಹಣೆ ಎಲ್ಲಿ? ಅದು ಹಿಂದಕ್ಕೆ ಸರಿದು, ಕುಗ್ಗಿ, ಒಂದು ಘನವಾದ ಎತ್ತಿನ ಹಣೆಯಾಗಿತ್ತು. ಮುಂದಕ್ಕೆ ಬಿದ್ದ ಕೊಂಬುಗಳು ನೆಟ್ಟಗೆ ಆಕಾಶಕ್ಕೆ ಎದ್ದಿದ್ದವು. ಚಾಚಿದ ರೆಪ್ಪೆಯ ನೆರಳಿನೊಳಗಿಂದ, ಆ ಕೆಳಗಿಳಿದ ಗುಡ್ಡೆ ನೇರವಾಗಿ ನನ್ನನ್ನು ನೋಡುತ್ತಿತ್ತು. ನೋಡುವಂತೆ ಕಾಣುತ್ತಿತ್ತು ಎಂದು ತಿದ್ದಿ ಬರೆಯಬೇಕು, ಗೊತ್ತು. ಆದರೆ ಆ ಕ್ಷಣ ನಾನು ಲಂಗ ಸರಿಮಾಡಿಕೊಂಡೆ. ಯಾರಾದರೂ ನೋಡುತ್ತಿದ್ದರೆ ಮಾತ್ರ ಮಾಡುವ ಕೆಲಸ ಅದು. ಆಮೇಲೆ ಎಡಗಣ್ಣಿನ ಕಡೆ ವಾಲಿದೆ. ನಾನು ಎಳೆದ ಗೆರೆಯ ಕಣ್ಣು ನನ್ನ ತಲೆಯ ಮೇಲಿಂದ ಹಾದು ನನ್ನ ಹಿಂದಿನ ಗೋಡೆಯ ಕ್ಯಾಲೆಂಡರು ನೋಡುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ.

ಜನ ಎಂದೂ ವಾಹನವನ್ನು ಮುಖಕ್ಕೆ ಮುಖ ಕೊಟ್ಟು ನೋಡುವುದಿಲ್ಲ. ಅದು ಎಂಟು ಜನರ ಹೆಗಲ ಮೇಲಿರುತ್ತದೆ, ಜನ ಬೀದಿಯಲ್ಲಿರುತ್ತಾರೆ. ಎಷ್ಟು ಸರಳ! ಎತ್ತರಕ್ಕೆ ಹೋದದ್ದು ಕೆಳಗಿನವರಿಗೆ ಕುಗ್ಗಿ ಕಾಣುತ್ತದೆ, ಆದ್ದರಿಂದ ಮೇಲಿನದನ್ನು ಹೆಚ್ಚಿಸಿ ಕೆತ್ತಬೇಕು. ಇದನ್ನು ಒಂದು ಅಂಶವಾಗಿ ನಾನೇ ಅರ್ಧ ನಿಮಿಷದಲ್ಲಿ ಹೇಳಬಲ್ಲೆ. ಅಪ್ಪನಿಗೆ ಹೇಳಲು ಬಂದಿರಲಿಲ್ಲ ಅಷ್ಟೇ. ನಾಲ್ಕು ತಲೆಮಾರಿನ ಕೈ ಅದನ್ನು ಮಾಡುತ್ತ ಬಂದಿತ್ತು, ಬಾಗಿದ ಬೆನ್ನಿನ ಮುದುಕಿಯೊಬ್ಬಳು ಬೀದಿಯ ಜನರ ಪರವಾಗಿ ನೆಲದಲ್ಲಿ ಕೂತು ಅದನ್ನು ಅಳೆಯುತ್ತಿದ್ದಳು.

"ಮತ್ತೆ ಯಾಕೆ ಕಡಿದೆ ಅಪ್ಪಾ?" ಎಂದು ನಾನೇ ಕೂಗಾಡಿದೆ. "ನಾನು ಹೇಳಿದರೆ ಕಡಿದುಬಿಡೋದಾ?"

ಅಪ್ಪ ಟವೆಲ್ಲಿನ ಅಂಚು ತಿರುಚುತ್ತ ನಿಂತಿದ್ದ. "ನೀನು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ ಮಗಾ. ಓದಿದವಳು ನೀನು. ಉತ್ತರ ಇಲ್ಲ ಅಂದಮೇಲೆ ತಪ್ಪು ನಂದೇ ಇರಬೇಕು ಅಂದ್ಕಂಡೆ."

ಚೂರು ಅಂಟಿಸಿ ಸರಿಮಾಡಬಹುದಲ್ಲ ಎಂದೆ. ದೇವರನ್ನು ಹೊರುವ ಮುಖಕ್ಕೆ ತೇಪೆ ಹಾಕುವುದಿಲ್ಲ ಎಂದ. ಬಣ್ಣದಲ್ಲಿ? "ಬಣ್ಣ ಅಂದ್ರೆ ಚರ್ಮ ಅಷ್ಟೇ. ನೋಟ ಮೂಳೆಯಲ್ಲಿ ಇರ್ತದೆ." ಹೊಸ ತಲೆ ಕೆತ್ತಲು ಒಣಗಿದ ಮರವಿಲ್ಲ, ತಿಂಗಳೂ ಇಲ್ಲ. ಬಲಗಣ್ಣನ್ನಂತೂ ಮುಟ್ಟುವಂತಿಲ್ಲ ಎಂದು ಅಜ್ಜಿ ಹೇಳಿದ ಮೇಲೆ ಉಳಿದದ್ದು ಶುಕ್ರವಾರ.

ಶುಕ್ರವಾರ ಬಸನಗೌಡರು ಬಂದಾಗ ಅಜ್ಜಿ ಅವರಿಗೆ ಮಣೆ ಹಾಕಲಿಲ್ಲ, ನೆಲ ತೋರಿಸಿದಳು. ದೊಡ್ಡ ರುಮಾಲಿನ, ದೊಡ್ಡ ಮೈಯ ಮನುಷ್ಯ. ಜೊತೆಗೆ ಬಂದಿದ್ದ ಹಿರಿಯರಿಬ್ಬರು ಕೈ ಹಿಡಿದು ಇಳಿಸಬೇಕಾಯಿತು.

"ಏನವ್ವಾ, ನನ್ನ ಮಗ್ಗೀ ಒಪ್ಪಸಾಕ ಕುಂಡ್ರಸೀ ಏನ?"

"ಕತ್ತೆತ್ತಿ ನೋಡಿ ಗೌಡ್ರೇ. ನಿಮ್ಮೂರ ಹೆಂಗಸರು, ಮಕ್ಕಳು ಬೀದಿಲಿ ನಿಂತು ನೋಡೋದು ಇಲ್ಲಿಂದ."

ಅವರು ಕತ್ತೆತ್ತಿದರು. ನಗುತ್ತಿದ್ದ ಮುಖ ನಿಧಾನವಾಗಿ ಗಂಭೀರವಾಯಿತು. ಅರಿವಿಲ್ಲದೆಯೇ ಕೈ ಮೇಲೆ ಹೋಗಿ ರುಮಾಲು ತೆಗೆದು ತೊಡೆಯ ಮೇಲಿಟ್ಟಿತು. ಆಮೇಲೆ ಎಡಗಣ್ಣಿನ ಕಡೆ ವಾಲಿ ನೋಡಿದರು. ನಾನು ಮುಂದೆ ಬಂದು, ಮೂರೂ ಅಂಶ ತಪ್ಪಿತ್ತು, ಎಡಗಣ್ಣು ನನ್ನಿಂದ ಹಾಳಾಯಿತು ಎಂದೆ. ಎಲ್ಲರ ಎದುರು ಸೋಲೊಪ್ಪಿಕೊಂಡದ್ದು ಅದೇ ಮೊದಲು.

"ನೀ ಹೇಳಿದಿ, ನಾ ಹೂಂ ಅಂದೆ," ಎಂದರು ಬಸನಗೌಡರು. "ಅರವತ್ತ ವರ್ಷ ಎತ್ತ ಕಟ್ಟೀನಿ, ಕೆಳಗ ಕುಂತ ನೋಡಿದ್ದಿಲ್ಲ. ಒಯ್ತೇವ್ರಿ ಮೇಸ್ತ್ರಿ. ಒಂದು ಕಣ್ಣರೆ ನಮ್ಮನ್ನ ನೋಡಲಿ."

ನಮ್ಮ ಮನೆತನದಲ್ಲಿ ಕೆತ್ತಿದವನು ಮೊದಲ ಮೆರವಣಿಗೆಗೆ ಹೋಗುವುದಿಲ್ಲ. ಕೆತ್ತಿದವನ ಕಣ್ಣಲ್ಲಿ ಇನ್ನೂ ಉಳಿ ಇರುತ್ತದೆ, ಅದು ವಾಹನದ ಮೈಗೆ ತಾಗುತ್ತದೆ ಎನ್ನುತ್ತಿದ್ದಳು ಅಜ್ಜಿ. ಮನೆಯವರು ಯಾರಾದರೂ ಹೋಗಿ ನೋಡಿ ಬಂದು ಹೇಳಬೇಕು. ಬಣ್ಣವಾಗಿ, ಗೆಜ್ಜೆಸರ ಕಟ್ಟಿ, ನಂದಿ ನಮ್ಮ ಹೊಸ್ತಿಲು ದಾಟಿ ಹೋದ ಹತ್ತು ದಿನಕ್ಕೆ ಗೌಡರ ಕಮಾನು ಗಾಡಿ ಬಂತು. ಆಯಿ ಮತ್ತು ನಾನು ಹೋದೆವು. ಹೊರಡುವಾಗ ಅಪ್ಪ ಓಣಿಯ ಕೊನೆಯವರೆಗೆ ಬಂದ.

ಅದು ಬಯಲುಸೀಮೆ ಶುರುವಾಗುವ ಊರು, ನೇರ ಬೀದಿ, ಇಕ್ಕೆಲದಲ್ಲೂ ಮಣ್ಣಿನ ಜಗಲಿಗಳು. ಇಳಿಬಿಸಿಲಲ್ಲಿ ಬೀದಿಯ ತುದಿಯಲ್ಲಿ ಅದು ಎದ್ದಿತು. ಎಂಟು ಜನ ಒಟ್ಟಿಗೆ ಹೆಗಲು ಕೊಟ್ಟಾಗ ಬಿದಿರಿನ ಬೊಂಬುಗಳು ಒಮ್ಮೆ ಬಾಗಿ ಪುಟಿದವು, ನಂದಿ ತಲೆ ತಗ್ಗಿಸಿ ಎತ್ತಿತು. ಕೋಣೆಯಲ್ಲಿ ಕೂತು ನೋಡಿದಾಗ ನನಗೆ ತಿಳಿಯದೇ ಇದ್ದದ್ದು ಇದು. ಅಪ್ಪ ಎತ್ತರವನ್ನು ಮಾತ್ರ ಅಳೆದಿರಲಿಲ್ಲ, ನಡಿಗೆಯನ್ನೂ ಅಳೆದಿದ್ದ. ಹೊರುವವರ ಪ್ರತಿ ಹೆಜ್ಜೆಗೂ ರೆಪ್ಪೆಯ ನೆರಳು ಗುಡ್ಡೆಯ ಮೇಲೆ ಇಳಿಯುತ್ತಿತ್ತು, ಏಳುತ್ತಿತ್ತು. ಬಲಗಣ್ಣು ಜಗಲಿಯಿಂದ ಜಗಲಿಗೆ ಸರಿಯುತ್ತ, ಒಬ್ಬೊಬ್ಬರ ಮೇಲೂ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು. ಕಂಕುಳಲ್ಲಿದ್ದ ಮಗುವೊಂದು ಕೈ ಚಾಚಿ ಬಾ ಬಾ ಎಂದು ಕರೆಯಿತು. ನನ್ನ ಮುಂದೆ ಬಂದಾಗ ಮತ್ತೆ ಲಂಗ ಸರಿಮಾಡಿಕೊಂಡೆ. ಅದು ಮರ, ನೆರಳು, ಬಿದಿರಿನ ಬಳುಕು ಎಂದು ಒಂದೊಂದಾಗಿ ಗೊತ್ತಿತ್ತು. ಗೊತ್ತಿದ್ದದ್ದು ಯಾವುದೂ ಆ ನೋಟವನ್ನು ತಡೆಯಲಿಲ್ಲ.

ಎರಡನೆಯ ಸುತ್ತಿಗೆ ನಾನು ಬೇಕೆಂದೇ ನಂದಿಯ ಎಡಗಡೆಗೆ ಹೋಗಿ ನಿಂತೆ. ಆ ಬದಿಯವರು ಕೈ ಮುಗಿದರು, ಭಕ್ತಿಯಿಂದಲೇ ಮುಗಿದರು, ನಂದಿ ಅವರ ತಲೆಯ ಮೇಲಿಂದ ನೋಡಿಕೊಂಡು ಹೋಯಿತು. ಅಜ್ಜಿಯ ವಯಸ್ಸಿನ ಒಬ್ಬಾಕೆ ನನ್ನ ತೋಳು ಹಿಡಿದೆಳೆದಳು.

"ಇಲ್ಲ್ಯಾಕ ನಿಂತೀ ಯವ್ವಾ? ಆ ಕಡಿ ಬಾ. ಅಲ್ಲೆ ನೋಡತಾನ."

ಯಾರೂ ಕೂಗಿ ಹೇಳಿರಲಿಲ್ಲ, ಆದರೆ ಒಬ್ಬೊಬ್ಬರಾಗಿ ಎಲ್ಲರೂ ಬೀದಿ ದಾಟುತ್ತಿದ್ದರು. ಮೂರನೆಯ ಸುತ್ತಿಗೆ ಬಲಗಡೆಯ ಜಗಲಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ, ನೂಕುನುಗ್ಗಲಿಗೆ ಬೊಂಬು ವಾಲಿ ಬಸನಗೌಡರು, "ಎಲ್ಲಾರೂ ಒಂದ ಕಡಿ ಆದ್ರ ಹೆಂಗ್ರೋ, ಹಿಂದ ಸರೀರಿ!" ಎಂದು ಕೂಗುತ್ತಿದ್ದರು. ಎಡಗಡೆಯ ಉದ್ದದ ಜಗಲಿಯ ಮೇಲೆ ನಾನೊಬ್ಬಳೇ ಇದ್ದೆ. ನನ್ನ ಗೆರೆಯ ಕಣ್ಣು ನನ್ನನ್ನು ದಾಟಿ ಹೋಗುವವರೆಗೆ ನಿಂತಿದ್ದೆ.

ಮಾರನೆಯ ಬೆಳಿಗ್ಗೆ ಮನೆ ಮುಟ್ಟಿದೆವು. ಖಾಲಿ ಅಡ್ಡೆಗಳ ಪಕ್ಕ ಅಪ್ಪ ಕಲ್ಲಿಗೆ ನೀರು ಚಿಮುಕಿಸಿ ಉಳಿ ಮಸೆಯುತ್ತಿದ್ದ. ಅಜ್ಜಿ ತನ್ನ ಜಾಗದಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ದಾರಿಯುದ್ದಕ್ಕೂ ನಾನು ಹೇಳಬೇಕಾದದ್ದನ್ನು ಜೋಡಿಸಿಕೊಂಡು ಬಂದಿದ್ದೆ. ಹೊಸ್ತಿಲ ಮೇಲೆ ನಿಂತೆ. ಅಜ್ಜಿ ದಾಟು ಎನ್ನಲಿಲ್ಲ.

"ಎಡಗಡೆ?" ಎಂದ ಅಪ್ಪ, ತಲೆ ಎತ್ತದೆ.

"ಎಡಗಡೆ ಮರ, ಅಪ್ಪಾ."

ಅವನು ತಲೆಯಾಡಿಸಿದ. ಉಳಿಯ ಬಾಯಿಗೆ ಹೆಬ್ಬೆರಳು ಸವರಿ ನೋಡಿದ.

"ಬಲಗಡೆ?"

ಜೋಡಿಸಿಕೊಂಡು ಬಂದ ಮೂರು ಮಾತಿನಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನಾನು ದೇವರನ್ನು ನಂಬುವವಳಲ್ಲ, ಅಂದೂ ಅಲ್ಲ, ಇಂದೂ ಅಲ್ಲ. ಆದರೆ ಸಾಕ್ಷಿ ಹೇಳಬೇಕಾದವಳು ನಾನೇ, ಕಂಡದ್ದಕ್ಕೆ ನಮ್ಮ ಮನೆಯಲ್ಲಿದ್ದದ್ದು ಒಂದೇ ಶಬ್ದ.

"ಬಂದಿದ್ದ," ಎಂದೆ.

ಅಜ್ಜಿಯ ಕುಟ್ಟಾಣಿ ನಿಂತಿತು. ಅಪ್ಪ ಕಲ್ಲಿಗೆ ಇನ್ನಷ್ಟು ನೀರು ಹಾಕಿ ಉಳಿಯನ್ನು ಮತ್ತೆ ಅದರ ಮೇಲಿಟ್ಟ. ನಾನು ಒಳಗೆ ಹೋಗಿ ಮುಖ ತೊಳೆದು ಬರುವವರೆಗೂ ಮಸೆಯುವ ಸದ್ದು ಕೇಳಿಸಲಿಲ್ಲ.